ಮಲೆನಾಡಿನ ಮನೆಯ ಬಾಗಿಲಿಗೆ ನುಣುಪಾದ ಬಣ್ಣ ಕೂರಬೇಕಾದರೆ

ಪ್ರಶ್ನೆ: ನಮ್ಮದು ಮೂಡಿಗೆರೆ ಸಮೀಪದ ಹಳೆಯ ಹೆಂಚಿನ ಮನೆ. ಬಾಗಿಲು, ದಾರಂದ, ಕಿಟಕಿಗಳು ಹೆಚ್ಚಾಗಿ ಹಲಸಿನ ಮರದವು. ಅಡುಗೆಮನೆಗೆ ಈಚೆಗೆ ಹೊನ್ನೆ ಮರದ ಕಪಾಟು ಮಾಡಿಸಿದ್ದೇವೆ. ಕಳೆದ ಆಗಸ್ಟ್‌ನಲ್ಲಿ ಬಾಗಿಲು ಕಿಟಕಿಗೆಲ್ಲ ಬಿಳಿ ಎನಾಮಲ್ ಹೊಡೆಸಿದೆವು. ವಾಸನೆ ಬೇಡವೆಂದು ಕಪಾಟಿಗೆ ಮಾತ್ರ ನೀರಿನಲ್ಲಿ ಕಲೆಸುವ ಪ್ರೈಮರ್, ಅದೇ ಬಗೆಯ ಬಣ್ಣ. ಈಗ ಬಾಗಿಲುಗಳ ಮೇಲೆ ಬ್ರಷ್ ಗೆರೆ ಎದ್ದು ಕಾಣುತ್ತದೆ, ಕೈಯಾಡಿಸಿದರೆ ಮರಳು ಮರಳು. ಎರಡು ಬಾಗಿಲುಗಳು ಇನ್ನೂ ಅಂಟಂಟಾಗಿವೆ. ಕಪಾಟಿನ ಮೇಲೆ ಕಂದು ಕಲೆಗಳು ಮೂಡಿವೆ. ಕಂಪನಿಯ ಮಾಲು ಸರಿಯಿಲ್ಲ ಎನ್ನುತ್ತಾರೆ ಪೇಂಟರ್. ಬರುವ ಮೇ ತಿಂಗಳಲ್ಲಿ ಮನೆಯಲ್ಲಿ ಮದುವೆ ಇದೆ. ಯಾವ ಬಣ್ಣ ತಂದರೆ ಗಾಜಿನಂತೆ ನುಣುಪಾಗುತ್ತದೆ? ಸ್ಪ್ರೇ ಮಾಡಿಸಬೇಕೇ?

ಉತ್ತರ: ಮೊದಲು ಪೇಂಟರ್ ಹೇಳಿದ ಮಾತನ್ನು ಬದಿಗಿಡಿ. ಹೆಸರಿರುವ ಯಾವ ಕಂಪನಿಯ ಎನಾಮಲ್ ತಂದರೂ ಒಳಮನೆಯ ಮರಗೆಲಸಕ್ಕೆ ಸಾಲುವಷ್ಟು ಚೆನ್ನಾಗಿಯೇ ಇರುತ್ತದೆ. ನಿಮ್ಮ ಬಾಗಿಲು ಕೆಟ್ಟಿದ್ದು ಡಬ್ಬಿಯಿಂದಲ್ಲ. ಆಗಸ್ಟ್ ತಿಂಗಳಿನಿಂದ, ನೀರು ಕುಡಿದ ಮರದಿಂದ, ಉಪ್ಪು ಕಾಗದದಲ್ಲಿ ತೋರಿಸಿದ ಜಿಪುಣತನದಿಂದ. ಒಂದು ಕೈ ಎನಾಮಲ್ ಒಣಗಿದ ಮೇಲೆ ಉಳಿಯುವ ಪೊರೆ ಸುಮಾರು 30ರಿಂದ 50 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಇಷ್ಟು ತೆಳುವಾದ ಪೊರೆ ಕೆಳಗಿನ ಯಾವ ಹಳ್ಳವನ್ನು ತುಂಬೀತು, ಯಾವ ಉಬ್ಬನ್ನು ಮುಚ್ಚೀತು? ಅದರಲ್ಲೂ ಹೊಳಪಿನ ಬಣ್ಣ ಕೆಳಗಿನ ತಪ್ಪನ್ನು ಎತ್ತಿ ತೋರಿಸುತ್ತದೆ. ಆದ್ದರಿಂದ ಯಾವ ಬಣ್ಣ ತರಬೇಕೆಂಬ ಪ್ರಶ್ನೆಗೆ ಉತ್ತರ ಕೊನೆಯಲ್ಲಿ, ಅದೂ ಚುಟುಕಾಗಿ ಬರುತ್ತದೆ. ಅದಕ್ಕೆ ಮುಂಚಿನ ಕೆಲಸವೇ ಮುಕ್ಕಾಲು ಪಾಲು.

ಮರದ ತೇವದಿಂದ ಶುರು ಮಾಡೋಣ. ಮರ ಕಡಿದು ಎಷ್ಟು ವರ್ಷವಾಗಿದ್ದರೂ ಸುತ್ತಲಿನ ಗಾಳಿಗೆ ತಕ್ಕಂತೆ ನೀರನ್ನು ಎಳೆದುಕೊಳ್ಳುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇ. 65ರಷ್ಟಿದ್ದಾಗ ಮರದೊಳಗಿನ ತೇವ ಶೇ. 12ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಳೆ ಹಿಡಿದು ಗಾಳಿ ಶೇ. 90ಕ್ಕೆ ಏರಿ ವಾರಗಟ್ಟಲೆ ಅಲ್ಲೇ ಇದ್ದರೆ ಮರವೂ ಶೇ. 20ರ ಹತ್ತಿರ ಹೋಗುತ್ತದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕಥೆ. ಕಡೂರಿನಲ್ಲೋ ಅರಸೀಕೆರೆಯಲ್ಲೋ ಇರುವ ನಿಮ್ಮ ನೆಂಟರು ಆಗಸ್ಟ್‌ನಲ್ಲಿ ಬಣ್ಣ ಹೊಡೆಸಿ ಚೆನ್ನಾಗಿ ಬಂತು ಎಂದರೆ ಅದು ಸುಳ್ಳಲ್ಲ. ಬಹಳ ದೂರವಲ್ಲದಿದ್ದರೂ ಅಲ್ಲಿಯ ಹವೆಯೇ ಬೇರೆ. ಅವರ ಲೆಕ್ಕ ನಿಮಗೆ ಹಿಡಿಸುವುದಿಲ್ಲ.

ತೇವ ಅಳೆಯುವ ಸಣ್ಣ ಮೀಟರ್ ಬರುತ್ತದೆ. ಎರಡು ಮುಳ್ಳನ್ನು ಮರಕ್ಕೆ ಚುಚ್ಚಿದರೆ ಅಂಕಿ ತೋರಿಸುತ್ತದೆ. ಶೇ. 15 ದಾಟಿದ್ದರೆ ಕಾಯುವುದೇ ಲೇಸು. ಮೀಟರ್ ಇಲ್ಲದಿದ್ದರೆ ಬಾಗಿಲೇ ಹೇಳುತ್ತದೆ. ಮಳೆಗಾಲದಲ್ಲಿ ಭುಜ ಕೊಟ್ಟು ತಳ್ಳಬೇಕಾದ ಬಾಗಿಲು ಡಿಸೆಂಬರ್ ಹೊತ್ತಿಗೆ ಒಂದು ಬೆರಳಿಗೆ ಸಲೀಸಾಗಿ ಹಾಕಿಕೊಂಡರೆ ಮರ ಒಣಗಿದೆ ಎಂದರ್ಥ. (ಮಳೆಯಲ್ಲಿ ಬಿಗಿಯಾಯಿತೆಂದು ಆಚಾರಿಯನ್ನು ಕರೆಸಿ ಅಂಚನ್ನು ಹತ್ತರಿ ಹೊಡೆಸುವವರಿದ್ದಾರೆ. ಬೇಸಿಗೆಯಲ್ಲಿ ಅದೇ ಬಾಗಿಲಿನ ಸಂದಿಯಿಂದ ಹಲ್ಲಿ ಓಡಾಡುತ್ತದೆ.)

ಈಗ ಅಂಟಂಟಾಗಿರುವ ಎರಡು ಬಾಗಿಲು. ಎಣ್ಣೆಯ ಎನಾಮಲ್ ಒಣಗುವುದು ಎರಡು ಹಂತದಲ್ಲಿ. ಮೊದಲು ಟರ್ಪೆಂಟೈನ್ ಆರಿಹೋಗುತ್ತದೆ. ಆಮೇಲೆ ಉಳಿದ ರಾಳ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಎರಡನೆಯದೇ ನಿಜವಾದ ಒಣಗುವಿಕೆ. ಥಂಡಿಯಲ್ಲಿ, ತೇವದಲ್ಲಿ ಅದು ಕುಂಟುತ್ತದೆ. ಬಣ್ಣವನ್ನು ದಪ್ಪಗೆ ಬಳಿದಿದ್ದರಂತೂ ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲ್ಪದರ ಮಾತ್ರ ಬಿಗಿದುಕೊಂಡು, ಗಾಳಿ ಒಳಗೆ ಇಳಿಯದೆ, ಅಡಿ ಮೆತ್ತಗೇ ಉಳಿಯುತ್ತದೆ. ಇದರ ಮೇಲೆ ಸೀಮೆಎಣ್ಣೆ ಬೆರೆಸಿದ್ದರೆ ಕೇಳುವುದೇ ಬೇಡ. ಸೀಮೆಎಣ್ಣೆ ಟರ್ಪೆಂಟೈನಿನಷ್ಟು ಬೇಗ, ಅಷ್ಟು ಪೂರ್ತಿಯಾಗಿ ಆರುವುದಿಲ್ಲ. ಎಣ್ಣೆಯ ಅಂಶ ಪೊರೆಯಲ್ಲೇ ಉಳಿದು ಹೊಳಪನ್ನೂ ತಿನ್ನುತ್ತದೆ. ಹೆಬ್ಬೆರಳನ್ನು ಬಾಗಿಲಿನ ಮೇಲೆ ಒತ್ತಿ ಸ್ವಲ್ಪ ತಿರುಗಿಸಿ ನೋಡಿ. ಬೆರಳಿನ ಗುರುತು ಬಿದ್ದರೆ, ಪೊರೆ ಜರುಗಿದಂತೆ ಅನಿಸಿದರೆ ಅದರ ಮೇಲೆ ಇನ್ನೊಂದು ಕೈ ಹೊಡೆಯುವ ಯೋಚನೆ ಬಿಡಿ. ಮೆತ್ತಗಿನ ಪದರದ ಮೇಲೆ ಗಟ್ಟಿ ಪದರ ಕೂರಿಸಿದರೆ ಸುಕ್ಕು ಏಳುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಆ ಎರಡು ಬಾಗಿಲುಗಳ ಹೊಸ ಬಣ್ಣವನ್ನು ಕೆರೆದು ತೆಗೆಯಲೇಬೇಕು. ಉಳಿದವು ಗಟ್ಟಿಯಾಗಿ ಕೂತಿದ್ದರೆ ಉಜ್ಜಿ ಮಟ್ಟ ಮಾಡಿದರೆ ಸಾಕು.

ಕೆರೆಯುವ ಮುನ್ನ ಒಂದು ಎಚ್ಚರಿಕೆ. ಹಳೆಯ ಮನೆ ಎಂದಿದ್ದೀರಿ. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮಲ್‌ಗಳಲ್ಲಿ, ಮುಖ್ಯವಾಗಿ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸ ಧಾರಾಳವಾಗಿ ಇರುವ ಸಾಧ್ಯತೆ ಇದೆ. ಆ ಪುಡಿ ಮಕ್ಕಳಿಗೆ, ಬಸುರಿಯರಿಗೆ ಬಹಳ ಕೆಟ್ಟದ್ದು. ಹಾಗಾಗಿ ಹಳೆಯ ಪದರಗಳ ಮೇಲೆ ಒಣ ಉಜ್ಜಾಟ ಬೇಡ, ಮಷಿನ್ ಬೇಡ, ಬೆಂಕಿ ಅಥವಾ ಹೀಟ್ ಗನ್ ಬೇಡ. ನೀರಿನಲ್ಲಿ ಅದ್ದಿ ಬಳಸುವ ಕಪ್ಪು ಕಾಗದ ಸಿಗುತ್ತದೆ, ವಾಟರ್ ಪೇಪರ್ ಎಂದು ಕೇಳಿ. ಅದರಲ್ಲಿ ಒದ್ದೆಯಾಗಿಯೇ ಉಜ್ಜಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಕೆರೆದದ್ದನ್ನು ಕಟ್ಟಿ ತೆಗೆಯಿರಿ. ತೋಟಕ್ಕೆ ಚೆಲ್ಲಬೇಡಿ. ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿಸಿ, ಟವೆಲ್ ಸಾಲದು. ಆ ಕೋಣೆಗೆ ಮಕ್ಕಳು ಬರದಂತೆ ನೋಡಿಕೊಳ್ಳಿ. ಒದ್ದೆ ಉಜ್ಜಿದ ಮೇಲೆ ಮರಕ್ಕೆ ಒಣಗಲು ಎರಡು ಮೂರು ದಿನ ಬಿಡಬೇಕಾಗುತ್ತದೆ, ಅಷ್ಟೇ.

ಕೆರೆಯುವಾಗ ಅಡಿಯಲ್ಲಿ ಬೀಟೆಯೋ ತೇಗವೋ ಇಣುಕಿದರೆ ಒಮ್ಮೆ ಕೆಲಸ ನಿಲ್ಲಿಸಿ ಯೋಚಿಸಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಎಲ್ಲವೂ ಹಲಸು ಎಂದುಕೊಂಡು ಬಳಿಯುತ್ತಾ ಬಂದಿರುತ್ತಾರೆ, ಮುಂಬಾಗಿಲ ದಾರಂದ ಬೀಟೆಯದಾಗಿರುತ್ತದೆ. ಬೀಟೆಗೆ ಬಿಳಿ ಎನಾಮಲ್ ಹೊಡೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಅದಕ್ಕೆ ಪಾಲಿಶ್ ಸಾಕು.

ಯಾವಾಗ ಮಾಡಿಸಬೇಕು ಎಂಬುದು ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೆ ಅದೇ ಮುಖ್ಯ. ಮದುವೆ ಮೇ ತಿಂಗಳಲ್ಲಿ ಎಂದರೆ ಏಪ್ರಿಲ್ ಕೊನೆಗೆ ಪೇಂಟರನ್ನು ಕರೆಯುವುದು ವಾಡಿಕೆ. ಬೇಡ. ಆ ಹೊತ್ತಿಗೆ ಸಂಜೆ ಗುಡುಗು ಮಳೆ ಶುರುವಾಗಿರುತ್ತದೆ. ಜನವರಿ ನಡುವಿನಲ್ಲಿ ಶುರು ಮಾಡಿ ಮಾರ್ಚ್ ಕೊನೆಯೊಳಗೆ ಮುಗಿಸಿ. ನಡುವೆ ಒಂದು ಹೂಮಳೆ ಬಂದರೆ ಕಾಫಿಗೆ ಒಳ್ಳೆಯದು, ಬಣ್ಣಕ್ಕೆ ಎರಡು ದಿನ ರಜೆ. ಒಂದು ತೊಡಕು ಇದೆ. ಅದೇ ಸಮಯ ಕಾಫಿ ಕುಯ್ಲು. ಆಳುಗಳು ಸಿಗುವುದಿಲ್ಲ, ಅಂಗಳದ ಕಣದಲ್ಲಿ ಹಣ್ಣು ಹರವಿರುತ್ತದೆ, ಅದನ್ನು ಕೆದಕಿದಾಗಲೆಲ್ಲ ಧೂಳು. ಕಣದ ಕಡೆ ತೆರೆದುಕೊಳ್ಳುವ ಕೋಣೆಯಲ್ಲಿ ಕೊನೆಯ ಕೈ ಹೊಡೆಯಬೇಡಿ. ಬಾಗಿಲನ್ನು ಹಿಂಬದಿಯ ಕೋಣೆಗೆ ಒಯ್ಯಿರಿ.

ದಿನದ ಹೊತ್ತನ್ನೂ ನೋಡಿಕೊಳ್ಳಬೇಕು. ಚಳಿಗಾಲದ ಬೆಳಿಗ್ಗೆ ಮರದ ಮೈ ಗಾಳಿಗಿಂತ ತಣ್ಣಗಿರುತ್ತದೆ, ಕಣ್ಣಿಗೆ ಕಾಣದ ತೇವ ಅದರ ಮೇಲೆ ಕೂತಿರುತ್ತದೆ. ಮಂಜು ಕರಗಿ, ಹತ್ತು ಗಂಟೆಯ ಬಿಸಿಲು ಒಳಗೆ ಬಂದ ಮೇಲೆ ಬ್ರಷ್ ಎತ್ತಿಕೊಳ್ಳಿ. ಮಧ್ಯಾಹ್ನ ಮೂರರ ಹೊತ್ತಿಗೆ ಇಳಿಸಿ. ಸಂಜೆ ಹೊಡೆದ ಎನಾಮಲ್ ಮೇಲೆ ಮಂಜು ಇಳಿದರೆ ಬೆಳಿಗ್ಗೆ ಹೊಳಪು ಮಾಸಿ, ಬೂದಿ ಬಳಿದಂತಾಗಿರುತ್ತದೆ. ಅದೂ ಅಲ್ಲದೆ ದೀಪ ಹಚ್ಚಿದ ಕೂಡಲೇ ಹುಳುಗಳು ಹಸಿ ಬಣ್ಣಕ್ಕೇ ಬಂದು ಬೀಳುತ್ತವೆ. ಒಂದು ಹುಳು ಸಾಕು, ಮೂರು ದಿನದ ಉಜ್ಜಾಟ ವ್ಯರ್ಥ.

ಇನ್ನು ಜಿಡ್ಡು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಡುಗೆಮನೆಯ ಬಾಗಿಲಿನ ಮೇಲ್ಭಾಗ, ಚಿಲಕದ ಸುತ್ತ, ದೇವರಮನೆಯ ದಾರಂದ, ಇವೆಲ್ಲ ಒಗ್ಗರಣೆಯ ಹೊಗೆ, ಕೈಬೆವರು, ದೀಪದ ಎಣ್ಣೆ, ಊದುಬತ್ತಿಯ ಮಸಿ ಕುಡಿದಿರುತ್ತವೆ. ಜಿಡ್ಡಿನ ಮೇಲೆ ಬಣ್ಣ ಹಚ್ಚಿದರೆ ಅಲ್ಲಲ್ಲಿ ಹಿಂದೆ ಸರಿದು ಸಣ್ಣ ಸಣ್ಣ ಗುಂಡನೆಯ ಗುಳಿ ಬೀಳುತ್ತದೆ. ಉಜ್ಜಿದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಉಜ್ಜಿದಷ್ಟೂ ಜಿಡ್ಡು ಮರದೊಳಕ್ಕೆ ಇಳಿಯುತ್ತದೆ. ಮೊದಲು ತೊಳೆದು ಆಮೇಲೆ ಉಜ್ಜಬೇಕು, ಈ ಕ್ರಮ ತಪ್ಪಬಾರದು. ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ, ಕೈಗವಸು ತೊಟ್ಟು, ಹಿಂಡಿದ ಬಟ್ಟೆಯಿಂದ ಒರೆಸಿ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಸೋಡಾ ಉಳಿದರೆ ಅದೇ ಬಣ್ಣವನ್ನು ಎಬ್ಬಿಸುತ್ತದೆ. ಹೊಸ್ತಿಲಿನ ವಿಷಯದಲ್ಲಿ ನನ್ನ ಸಲಹೆ ಬೇರೆ. ದಿನವೂ ಅರಿಶಿನ ಕುಂಕುಮ ಬೀಳುವ, ಎಣ್ಣೆ ಸೋಕುವ, ಕಾಲು ತಾಗುವ ಮರದ ಮೇಲೆ ಎನಾಮಲ್ ವರ್ಷ ನಿಲ್ಲುವುದಿಲ್ಲ. ಹಳದಿ ಎನಾಮಲ್ ಬಳಿದು ಕೆಂಪಿನಲ್ಲಿ ರಂಗೋಲಿ ಬಿಡಿಸುವ ರೂಢಿ ಬಂದಿದೆ. ಅಗ್ಗ, ಸುಲಭ, ಆದರೆ ಆರು ತಿಂಗಳಿಗೆ ಚಕ್ಕೆ ಏಳುತ್ತದೆ. ಹೊಸ್ತಿಲನ್ನು ಬಣ್ಣವಿಲ್ಲದೆ ಬಿಟ್ಟು ಅರಿಶಿನವನ್ನೇ ಹಚ್ಚುವುದು ಒಳ್ಳೆಯದು.

ತೊಳೆದು ಒಣಗಿದ ಮರವನ್ನು ಉಜ್ಜುವ ಕೆಲಸಕ್ಕೆ ಬರೋಣ. ಉಪ್ಪು ಕಾಗದದ ಹಿಂದೆ ಬರೆದ ನಂಬರ್ ದೊಡ್ಡದಾದಷ್ಟೂ ಹರಳು ಸಣ್ಣದು. ಬರಿಯ ಮರಕ್ಕೆ 80 ಅಥವಾ 100ರಿಂದ ಶುರು ಮಾಡಿ, 120, 180 ಎಂದು ಹತ್ತಬೇಕು. 80ರಿಂದ ಒಂದೇ ಸಲ 220ಕ್ಕೆ ಹಾರಿದರೆ 80 ಕೊರೆದ ಗೀರುಗಳು ಹಾಗೇ ಉಳಿಯುತ್ತವೆ. ಸಣ್ಣ ಕಾಗದಕ್ಕೆ ಅವನ್ನು ಅಳಿಸುವ ಶಕ್ತಿಯಿಲ್ಲ. ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಪ್ರೈಮರ್ ಅಡಿಯಲ್ಲಿ ಅಡಗಿ ಕೂತು ಎನಾಮಲ್ ಹೊಳೆದ ದಿನ ಎದುರಿಗೆ ಬರುತ್ತದೆ. ಬರಿಗೈಯಲ್ಲಿ ಕಾಗದ ಹಿಡಿದರೆ ಬೆರಳಿನ ಕೆಳಗೆ ಮಾತ್ರ ಆಳವಾಗಿ ಸವೆಯುತ್ತದೆ. ಚಪ್ಪಟೆಯಾದ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿಸಿ. ಚೂಪಾದ ಅಂಚುಗಳನ್ನು ಎರಡು ಸಲ ಕಾಗದ ಆಡಿಸಿ ಸ್ವಲ್ಪ ಮೊಂಡು ಮಾಡಬೇಕು, ಏಕೆಂದರೆ ಚೂಪಿನ ಮೇಲೆ ಬಣ್ಣ ನಿಲ್ಲದೆ ತೆಳುವಾಗುತ್ತದೆ, ಮೊದಲು ಕಿತ್ತುಬರುವುದೂ ಅಲ್ಲೇ. ಬಾಗಿಲಿನ ತಲೆ ಮತ್ತು ತಳದ ಅಂಚನ್ನು ಯಾರೂ ನೋಡುವುದಿಲ್ಲ, ಯಾರೂ ಬಳಿಯುವುದೂ ಇಲ್ಲ. ಮಳೆಗಾಲದ ತೇವ ಒಳಗೆ ಹೋಗುವುದು ಆ ದಾರಿಯಲ್ಲೇ. ಬಾಗಿಲನ್ನು ಕಳಚಿದಾಗ ಅಲ್ಲಿಗೂ ಎರಡು ಕೈ ಪ್ರೈಮರ್ ಕುಡಿಸಿ.

ಮುಂದೆ ಪ್ರೈಮರ್. ಕ್ರಮ ಹೀಗೆ: ಮೊದಲು ಪ್ರೈಮರ್, ಆಮೇಲೆ ಪುಟ್ಟಿ, ಮತ್ತೆ ಪ್ರೈಮರ್. ಅನೇಕರು ಬರಿಯ ಮರಕ್ಕೇ ಪುಟ್ಟಿ ಎಳೆಯುತ್ತಾರೆ. ಒಣ ಮರ ಪುಟ್ಟಿಯೊಳಗಿನ ಎಣ್ಣೆಯನ್ನು ಹೀರಿಬಿಡುತ್ತದೆ, ಉಳಿದ ಪುಡಿ ಕೆಲ ತಿಂಗಳಿಗೆ ಸಡಿಲವಾಗಿ ಉದುರುತ್ತದೆ. ಎಣ್ಣೆಯ ವುಡ್ ಪ್ರೈಮರನ್ನು ಹತ್ತರಲ್ಲಿ ಒಂದು ಪಾಲು ಟರ್ಪೆಂಟೈನ್ ಸೇರಿಸಿ ತೆಳುವಾಗಿ, ಮರಕ್ಕೆ ಕುಡಿಸುವಂತೆ ಹಚ್ಚಿ ಒಂದು ದಿನ ಬಿಡಿ. ಹಲಸು, ಹೊನ್ನೆ ಎರಡೂ ಕಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳ ಮರ. ಆ ರಂಧ್ರಗಳು ತುಂಬದೆ ನುಣುಪು ಬರುವುದಿಲ್ಲ. ಪುಟ್ಟಿಯನ್ನು ಗುಂಡಿ ಇದ್ದಲ್ಲಿ ಮಾತ್ರ ತುಂಬದೆ, ಅಗಲವಾದ ಪಟ್ಟಿಯಿಂದ ಇಡೀ ಹಲಗೆಯ ಮೇಲೆ ಬಿಗಿಯಾಗಿ ಎಳೆದು, ರಂಧ್ರದಲ್ಲಿ ಉಳಿದು ಮೇಲ್ಮೈಯಲ್ಲಿ ಬಹುತೇಕ ಏನೂ ಉಳಿಯದಂತೆ ತೆಗೆಯಬೇಕು. ಆಳವಾದ ಗುಂಡಿಗೆ ಒಂದೇ ಸಲ ತುಂಬಬೇಡಿ. ಒಣಗುತ್ತಾ ಕುಸಿಯುತ್ತದೆ, ಎರಡು ಮೂರು ಸಲ ತುಂಬಿ.

ಪುಟ್ಟಿ ಯಾವುದು? ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಗೋಡೆಗೆ ಹಚ್ಚಿ ಉಳಿದ ಸಿಮೆಂಟ್ ಪುಟ್ಟಿಯನ್ನು ಮರಕ್ಕೆ ಹಚ್ಚುವುದು ಎಲ್ಲ ಊರಲ್ಲೂ ನಡೆಯುತ್ತಿದೆ. ಚೀಲ ಹೇಗೂ ಒಡೆದಿರುತ್ತದೆ, ಉಜ್ಜಲು ಹಗುರ, ಬೆಳ್ಳಗೆ ಕಾಣುತ್ತದೆ. ಆದರೆ ಅದು ಬಿಳಿ ಸಿಮೆಂಟಿನ ಮಾಲು. ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಜಗ್ಗುವುದಿಲ್ಲ. ಒಂದು ಮಳೆಗಾಲ ಕಳೆದರೆ ಕೀಲುಗಳ ಗುಂಟ ಬಿರುಕು. ಸಾಲದ್ದಕ್ಕೆ ಅದು ಕ್ಷಾರ. ಎಣ್ಣೆಯ ಬಣ್ಣಕ್ಕೆ ಕ್ಷಾರ ತಾಗಿದರೆ ಎಣ್ಣೆ ಸಾಬೂನಾಗುತ್ತದೆ, ಪೊರೆ ಮೆತ್ತಗಾಗಿ ಎದ್ದುಬರುತ್ತದೆ. ನಿಮ್ಮ ಬಾಗಿಲನ್ನು ಕೆರೆಯುವಾಗ ಬಣ್ಣದ ಅಡಿಯಲ್ಲಿ ಬಿಳಿ ಸುಣ್ಣದಂಥ ಪದರ ಬಿಲ್ಲೆ ಬಿಲ್ಲೆಯಾಗಿ ಏಳುತ್ತಿದ್ದರೆ ಇದೇ ಆಗಿರುತ್ತದೆ. ಅದನ್ನು ಪೂರ್ತಿ ತೆಗೆಸಿ. ಮರಕ್ಕೆಂದೇ ಬರುವ ಪುಟ್ಟಿ, ಇಲ್ಲವೇ ಚಾಕ್ ಪುಡಿಯನ್ನು ಕಾಯಿಸಿದ ಅಗಸೆ ಎಣ್ಣೆಯಲ್ಲಿ ಸ್ವಲ್ಪ ಪ್ರೈಮರ್ ಸೇರಿಸಿ ನಾದಿದ ಹಳೆಯ ಕ್ರಮದ ಪುಟ್ಟಿ ಬಳಸಿ. ಎರಡನೆಯದು ನಿಧಾನ, ಆದರೆ ಮರದ ಜೊತೆ ಹೊಂದಿಕೊಳ್ಳುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಒಣಹಾಕಿ.

ಪುಟ್ಟಿ ಒಣಗಿದ ಮೇಲೆ 180, 220 ಕಾಗದ. ಎರಡನೇ ಕೈ ಪ್ರೈಮರ್. ಮತ್ತೆ 320. ಒಣಗಿದೆಯೋ ಇಲ್ಲವೋ ಎಂದು ಕಾಗದವೇ ಹೇಳುತ್ತದೆ. ಒಣ ಪುಡಿ ಉದುರಿದರೆ ಮುಂದುವರಿಯಿರಿ. ಕಾಗದಕ್ಕೆ ಬಣ್ಣ ಉಂಡೆ ಉಂಡೆಯಾಗಿ ಮೆತ್ತಿಕೊಂಡರೆ ಇನ್ನೊಂದು ದಿನ ಬಿಡಿ. ಈ ಹಂತದಲ್ಲಿ ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಬಾಗಿಲಿಗೆ ತಾಗಿಸಿ ಹಿಡಿದು, ಬೆಳಕು ಹಲಗೆಯ ಗುಂಟ ಜಾರುವಂತೆ ಮಾಡಿ. ಹಗಲಿನಲ್ಲಿ ಸಪಾಟಾಗಿ ಕಂಡದ್ದರ ಮೇಲೆ ಪಟ್ಟಿ ಎಳೆದ ಏಣು, ತುಂಬದ ರಂಧ್ರ, ಅಡ್ಡ ಗೀರು, ಎಲ್ಲಕ್ಕೂ ಉದ್ದುದ್ದ ನೆರಳು ಬೀಳುತ್ತದೆ. ಪೆನ್ಸಿಲ್‌ನಿಂದ ಸುತ್ತು ಹಾಕಿ ಗುರುತು ಮಾಡಿ, ಬೆಳಿಗ್ಗೆ ಪೇಂಟರಿಗೆ ತೋರಿಸಿ. ಆತ ಗೊಣಗಬಹುದು, ಗೊಣಗಲಿ. ಆ ಗುರುತುಗಳಷ್ಟನ್ನೂ ತಿದ್ದುವವರೆಗೆ ಎನಾಮಲ್ ಡಬ್ಬಿಯ ಮುಚ್ಚಳ ತೆಗೆಯಲು ಬಿಡಬೇಡಿ.

ಕಪಾಟಿನ ಕಂದು ಕಲೆಗೆ ಕಾರಣ ಹೊನ್ನೆಯೇ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರನ್ನು ನೀವು ನೋಡಿರಬಹುದು. ಬೆಳಗಾಗುವುದರಲ್ಲಿ ಆ ನೀರು ಬಣ್ಣ ತಿರುಗಿರುತ್ತದೆ. ನೀರಿನ ಪ್ರೈಮರ್ ಹಚ್ಚಿದಾಗ ನಿಮ್ಮ ಕಪಾಟಿನಲ್ಲೂ ಅದೇ ನಡೆಯಿತು. ಪ್ರೈಮರಿನೊಳಗಿನ ನೀರು ಮರದ ಬಣ್ಣವನ್ನು ಕರಗಿಸಿಕೊಂಡು ಮೇಲಕ್ಕೆ ತಂದು ಬಿಟ್ಟಿತು. ಹಲಸಿನ ಹಳದಿಯೂ, ಮತ್ತಿಯ ಕಂದೂ ಹೀಗೆಯೇ ಮೇಲೆ ಬರಬಲ್ಲವು. ಇದರ ಮೇಲೆ ಎಷ್ಟು ಕೈ ನೀರಿನ ಬಿಳಿ ಹೊಡೆದರೂ ಕಲೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಕಪಾಟನ್ನು 220ರಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು (ಶೆಲ್ಯಾಕ್) ತೆಳುವಾಗಿ ಎರಡು ಕೈ ಹಚ್ಚಿ. ಮೇಣ ತೆಗೆದ ಅರಗನ್ನೇ ಕೇಳಿ, ಮೇಣವಿದ್ದರೆ ನೀರಿನ ಬಣ್ಣ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ನೀರಿನಲ್ಲಿ ಕರಗುವ ಬಣ್ಣಕ್ಕೆ ಅರಗು ತಡೆಗೋಡೆಯಾಗುತ್ತದೆ. ಅರಗು ಬೇಡವೆಂದರೆ ಎಣ್ಣೆಯ ಪ್ರೈಮರ್ ಎರಡು ಕೈ. ಎರಡರಲ್ಲಿ ನಾನು ನಂಬುವುದು ಅರಗನ್ನು. ಅದನ್ನೂ ಒಣದಿನದಲ್ಲೇ ಹಚ್ಚಬೇಕು, ತೇವದ ದಿನ ಹಚ್ಚಿದರೆ ಹಾಲು ಬಿದ್ದಂತೆ ಬೆಳ್ಳಗಾಗುತ್ತದೆ. ಮೇಲಿನ ಬಣ್ಣ ಕಪಾಟಿಗೆ ನೀರಿನದೇ ಇರಲಿ. ಎಣ್ಣೆಯ ಬಿಳಿ ಎನಾಮಲ್ ಬೆಳಕು ಬೀಳದ ಜಾಗದಲ್ಲಿ ಹಳದಿಗೆ ತಿರುಗುತ್ತದೆ, ಕಪಾಟಿನ ಒಳಮೈ ಯಾವಾಗಲೂ ಕತ್ತಲೆ.

ಬಾಗಿಲು ಕಿಟಕಿಗೆ ಎಣ್ಣೆಯ ಎನಾಮಲ್ ಸರಿ. ಅದು ನಿಧಾನವಾಗಿ ಬಿಗಿಯುವುದರಿಂದ ಬ್ರಷ್ ಗೆರೆ ತಾನಾಗಿ ಕೂಡಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಪೂರ್ತಿ ಹೊಳಪಿನ ಬದಲು ಸ್ಯಾಟಿನ್ ತೆಗೆದುಕೊಳ್ಳಿ. ಅರೆಹೊಳಪು ಹಳೆಯ ಮರದ ಸಣ್ಣಪುಟ್ಟ ಏರುಪೇರನ್ನು ಕ್ಷಮಿಸುತ್ತದೆ. ಗಾಜಿನಂಥ ಹೊಳಪು ಹೊಸ ಪ್ಲೈವುಡ್‌ಗೆ ಒಪ್ಪೀತು, ಕೈಯುಳಿಯಲ್ಲಿ ಕೆತ್ತಿದ ಹಲಸಿನ ಬಾಗಿಲಿಗೆ ಅಲ್ಲ. ಇದು ನನ್ನ ಅಭಿರುಚಿ ಎಂದುಕೊಂಡರೂ ಅಡ್ಡಿಯಿಲ್ಲ.

ಹಚ್ಚುವ ಕ್ರಮ ಹೇಳುತ್ತೇನೆ. ಸಾಧ್ಯವಾದ ಬಾಗಿಲುಗಳನ್ನೆಲ್ಲ ಕಳಚಿ ಎರಡು ಸ್ಟೂಲುಗಳ ಮೇಲೆ ಮಲಗಿಸಿ. ನಿಂತ ಬಾಗಿಲಿನ ಮೇಲೆ ಬಣ್ಣ ಕೆಳಕ್ಕೆ ಸೋರುತ್ತದೆ, ಮಲಗಿದ ಬಾಗಿಲಿನ ಮೇಲೆ ಸಮವಾಗಿ ಹರಡಿಕೊಳ್ಳುತ್ತದೆ. ಕೋಣೆಯನ್ನು ಹಿಂದಿನ ದಿನವೇ ಗುಡಿಸಿ. ಬಣ್ಣ ಹಚ್ಚುವ ದಿನ ಪೊರಕೆ ಮುಟ್ಟಬಾರದು, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ. ಹಲಗೆಯನ್ನು ಟರ್ಪೆಂಟೈನ್ ಸೋಕಿಸಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ನಿಮ್ಮ ಕೈಗೆ ಸಿಕ್ಕಿದ ಆ ಮರಳು ಮರಳು ಅರ್ಧ ಧೂಳು, ಇನ್ನರ್ಧ ಡಬ್ಬಿಯಲ್ಲಿ ಕೆನೆಗಟ್ಟಿದ ಬಣ್ಣದ ಚೂರು. ಬಣ್ಣವನ್ನು ಹಳೆಯ ತೆಳು ಪಂಚೆಯಲ್ಲೋ ನೈಲಾನ್ ಕಾಲುಚೀಲದಲ್ಲೋ ಸೋಸಿ ಬೇರೆ ಪಾತ್ರೆಗೆ ಹಾಕಿಕೊಳ್ಳಿ. ಡಬ್ಬಿಗೇ ಬ್ರಷ್ ಅದ್ದುವ ಅಭ್ಯಾಸ ಬಿಡಿಸಿ. ತೆಳು ಮಾಡಲು ಶೇ. 5ರಿಂದ 10ರಷ್ಟು ಟರ್ಪೆಂಟೈನ್ ಸಾಕು. ಅಂಗಡಿಯವರು ಬರೀ ‘ಥಿನ್ನರ್’ ಎಂದು ಕೊಡುವ ಎನ್‌ಸಿ (ನೈಟ್ರೋಸೆಲ್ಯುಲೋಸ್ ಲ್ಯಾಕರಿನ) ಥಿನ್ನರನ್ನು ಎನಾಮಲ್‌ಗೆ ಹಾಕಬಾರದು. ಅದು ಕೆಳಗಿನ ಪದರವನ್ನೇ ಕರಗಿಸಿ ಎಬ್ಬಿಸುತ್ತದೆ.

ಎರಡಂಗುಲದ ಒಳ್ಳೆಯ ಬ್ರಷ್ ತನ್ನಿ. ಹೊಸದನ್ನು ಅಂಗೈಗೆ ಬಡಿದು, ಸಡಿಲ ಕೂದಲು ಕಿತ್ತು, ಮೊದಲು ಪ್ರೈಮರಿಗೆ ಬಳಸಿ ಪಳಗಿಸಿ. ಕೂದಲಿನ ಮೂರನೇ ಒಂದು ಭಾಗ ಮಾತ್ರ ಅದ್ದಬೇಕು. ಹಲಗೆಯ ಸ್ವಲ್ಪ ಜಾಗಕ್ಕೆ ಬಣ್ಣ ಇಟ್ಟು, ಅಡ್ಡಲಾಗಿ ಹರಡಿ ಸಮ ಮಾಡಿ, ಕೊನೆಗೆ ಬ್ರಷ್ಷಿನ ತುದಿಯನ್ನಷ್ಟೇ ತಾಗಿಸಿ, ಭಾರ ಬಿಡದೆ, ಎಳೆಯ ದಿಕ್ಕಿನಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಪಕ್ಕದ ಜಾಗಕ್ಕೆ ಹೋದಾಗ ಕೊನೆಯ ಎಳೆತ ಹಸಿ ಇರುವ ಅಂಚಿನೊಳಕ್ಕೆ ಸೇರಿ ಮುಗಿಯಬೇಕು. ಅಷ್ಟಾದ ಮೇಲೆ ಅದನ್ನು ಬಿಟ್ಟುಬಿಡಬೇಕು. ಹತ್ತು ನಿಮಿಷದ ಮೇಲೆ ಒಂದು ಕೂದಲು ಕಂಡಿತೆಂದು ಮತ್ತೆ ಬ್ರಷ್ ಆಡಿಸುವುದೇ ಗೆರೆ ಬೀಳಲು ದೊಡ್ಡ ಕಾರಣ. ಅಷ್ಟು ಹೊತ್ತಿಗೆ ಬಣ್ಣ ಬಿಗಿಯತೊಡಗಿರುತ್ತದೆ, ಎಳೆದ ಗೆರೆ ಕೂಡಿಕೊಳ್ಳುವುದಿಲ್ಲ. ಕೂದಲು ಒಣಗಿದ ಮೇಲೆ ಉಜ್ಜಿದರೆ ಹೋಗುತ್ತದೆ. ಚೌಕಟ್ಟು ಹಲಗೆಯ ಬಾಗಿಲಾದರೆ ಮೊದಲು ಒಳ ಹಲಗೆ ಮತ್ತು ಅದರ ಸುತ್ತಿನ ಏಣು, ಆಮೇಲೆ ನಡುವಿನ ನಿಲುಪಟ್ಟಿ, ಅಡ್ಡಪಟ್ಟಿಗಳು, ಕೊನೆಗೆ ಎರಡು ಬದಿಯ ಉದ್ದ ಪಟ್ಟಿ. ಮೂಲೆಗಳಲ್ಲಿ ಬಣ್ಣ ಮಡುಗಟ್ಟಿದೆಯೇ ಎಂದು ನೋಡಿ, ಇದ್ದರೆ ಒಣಬ್ರಷ್ ತುದಿಯಿಂದ ಒತ್ತಿ ತೆಗೆಯಿರಿ. ಒಂದು ದಿನ ಕಳೆದು 320 ಅಥವಾ 400ರಲ್ಲಿ ಹಗುರವಾಗಿ ಉಜ್ಜಿ, ಒರೆಸಿ, ಎರಡನೇ ಕೈ.

ಸ್ಪ್ರೇ ಬೇಕೇ? ಅದರಷ್ಟು ನುಣುಪು ಬ್ರಷ್ಷಿಗೆ ಬರುವುದಿಲ್ಲ, ನಿಜ. ಆದರೆ ಜನ ವಾಸವಿರುವ ಹೆಂಚಿನ ಮನೆಯಲ್ಲಿ, ಜಂತೆಯ ಸಂದಿಯಿಂದ ಧೂಳು ಉದುರುತ್ತಿರುವಾಗ, ಸ್ಪ್ರೇ ಹೊಡೆದರೆ ಧೂಳನ್ನೇ ಅಂಟಿಸಿದಂತೆ. ಪಿಯು (ಪಾಲಿಯುರೆಥೇನ್) ಹೊಡೆಸುವುದಾದರೆ ಅದರ ಗಟ್ಟಿಕಾರಕ ದ್ರವದ ಹನಿಗಳು ಶ್ವಾಸಕೋಶಕ್ಕೆ ಅಪಾಯ, ಸರಿಯಾದ ರೆಸ್ಪಿರೇಟರ್ ಇಲ್ಲದೆ ಯಾರೂ ಆ ಕೆಲಸ ಮಾಡಬಾರದು. ಎನ್‌ಸಿ ಲ್ಯಾಕರ್ ತೇವದ ಗಾಳಿಯಲ್ಲಿ ಬೆಳ್ಳಗೆ ಮಂಕಾಗುತ್ತದೆ. ಕಪಾಟಿನ ಬಾಗಿಲುಗಳನ್ನು ಮಾತ್ರ ಕಳಚಿ ಚಿಕ್ಕಮಗಳೂರಿನ ಯಾವುದಾದರೂ ಸ್ಪ್ರೇ ಕೆಲಸದ ಜಾಗಕ್ಕೆ ಕಳಿಸಬಹುದು. ಮನೆಯಲ್ಲೇ ಮಾಡುವುದಾದರೆ ನಾಲ್ಕಂಗುಲದ ಫೋಮ್ ರೋಲರಿನಲ್ಲಿ ಹರಡಿ, ಹಿಂದೆಯೇ ಬ್ರಷ್ ತುದಿಯಿಂದ ಎಳೆಯುವುದು ನಡುದಾರಿ.

ಕೂಲಿಯ ಮಾತು. ಚದರ ಅಡಿಯ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರೆ ಉಜ್ಜುವುದಕ್ಕೆ ಯಾರೂ ಕೈ ಸವೆಸುವುದಿಲ್ಲ. ಮರದ ಕೆಲಸವನ್ನು ದಿನಗೂಲಿಗೆ ಕೊಡಿ, ಕಾಗದ ನೀವೇ ತಂದುಕೊಡಿ, ಸವೆದ ಕಾಗದವನ್ನು ಎಸೆಯಲು ಹೇಳಿ. ಬಣ್ಣದ ಲೆಕ್ಕವನ್ನೂ ಇಟ್ಟುಕೊಳ್ಳಿ. ಏಳು ಅಡಿ ಎತ್ತರ, ಮೂರು ಅಡಿ ಅಗಲದ ಬಾಗಿಲಿನ ಎರಡೂ ಮೈ ಸೇರಿ ಸುಮಾರು ನಾಲ್ಕು ಚದರ ಮೀಟರ್. ಒಂದು ಲೀಟರ್ ಎನಾಮಲ್ ಒಂದು ಕೈಗೆ ಹತ್ತು ಚದರ ಮೀಟರಿನ ಆಸುಪಾಸು ಬರುತ್ತದೆ. ಅಂದರೆ ಒಂದು ಬಾಗಿಲಿಗೆ ಎರಡು ಕೈಗೆ ಮುಕ್ಕಾಲು ಲೀಟರಿಗೆ ತುಸು ಹೆಚ್ಚು. ಒಂದೂವರೆ ಲೀಟರ್ ಮುಗಿದಿದ್ದರೆ ದಪ್ಪಗೆ ಮೆತ್ತಿದ್ದಾರೆ ಎಂದೇ ಅರ್ಥ, ಮತ್ತೆ ಅಂಟಂಟಿನ ಕಥೆ.

ಕೊನೆಯ ಕೈ ಹೊಡೆದ ಮರುದಿನ ಮುಟ್ಟಿದರೆ ಒಣಗಿದಂತೆ ಇರುತ್ತದೆ. ಒಳಗಿನಿಂದ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಬಾಗಿಲನ್ನು ದಾರಂದಕ್ಕೆ ಒತ್ತಿ ಹಾಕಿಡಬೇಡಿ, ಬಣ್ಣಕ್ಕೆ ಬಣ್ಣ ಹಿಡಿದುಕೊಂಡು ತೆರೆದಾಗ ಚಕ್ಕೆ ಕಿತ್ತುಬರುತ್ತದೆ. ಮಾರ್ಚ್ ಕೊನೆಗೆ ಮುಗಿಸಿ ಎಂದು ಹೇಳಿದ್ದು ಇದಕ್ಕೂ ಸೇರಿ. ಮದುವೆಗೆ ಅಲಂಕಾರ ಮಾಡಲು ಬರುವವರು ದಾರಂದಕ್ಕೆ ಟೇಪ್ ಅಂಟಿಸಿ ಹೂವಿನ ಸರ ಕಟ್ಟುತ್ತಾರೆ, ಬಿಚ್ಚುವಾಗ ಟೇಪಿನ ಜೊತೆ ಬಣ್ಣವೂ ಬರುತ್ತದೆ. ತೋರಣಕ್ಕೆ ದಾರಂದದ ತಲೆಯ ಮೇಲೆ, ಕಾಣದ ಕಡೆ, ಬಣ್ಣ ಹೊಡೆಸುವ ಮುಂಚೆಯೇ ಎರಡು ಕೊಕ್ಕೆ ಹೊಡೆಸಿಟ್ಟುಕೊಳ್ಳಿ.